ಹಲ್ಲು ಬೆಳ್ಳಗಾಯ್ತು, ತಣ್ಣೀರು ಕುಡಿಯೋಕಾಗ್ತಿಲ್ಲ

ಪ್ರಶ್ನೆ: ನನಗೆ 26 ವರ್ಷ. ಊರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ, ಕೆಲಸ ದಾವಣಗೆರೆಯಲ್ಲಿ. ಇನ್ನು 24 ದಿನಕ್ಕೆ ನನ್ನ ಮದುವೆ. ಹಲ್ಲು ಮೊದಲಿಂದಲೂ ಹಳದಿ, ಮುಂದಿನ ಎರಡರ ಮೇಲೆ ಕಂದು ಗೆರೆ ಇದೆ. ನಾಲ್ಕು ದಿನದ ಹಿಂದೆ ಕ್ಲಿನಿಕ್ ಒಂದರಲ್ಲಿ ಬ್ಲೀಚಿಂಗ್ ಮಾಡಿಸಿದೆ. ಜೆಲ್ ಹಚ್ಚಿ, ನೀಲಿ ಲೈಟ್ ಇಟ್ಟು, 15 ನಿಮಿಷದಂತೆ ಮೂರು ಸಲ ಮಾಡಿದರು. ಅಂದು ರಾತ್ರಿಯಿಂದ ಹಲ್ಲು ಜುಮ್ ಅನ್ನುತ್ತಿವೆ. ಕೊಡದ ನೀರು ಕುಡಿದರೂ ಆಗದು, ಸ್ಕೂಟಿಯಲ್ಲಿ ಹೋಗುವಾಗ ಬಾಯಿ ತೆರೆದರೂ ಆಗದು. ಸುಮ್ಮನೆ ಕೂತಾಗಲೂ ಒಮ್ಮೊಮ್ಮೆ ಚುಳ್ ಎಂದು ಹೊಡೆದು ಹೋಗುತ್ತದೆ. ಎಡಗಡೆ ಮೇಲಿನ ಕೋರೆಹಲ್ಲಿನ ಹಿಂದಿನ ಹಲ್ಲಿಗೆ ಬಿಸಿ ಕಾಫಿ ತಾಗಿದರೆ ಒಂದೆರಡು ನಿಮಿಷ ನೋವು ಇಳಿಯುವುದೇ ಇಲ್ಲ. ಅದಕ್ಕೆ ಕಾಲೇಜಿನಲ್ಲಿದ್ದಾಗ ಸಿಮೆಂಟ್ ತುಂಬಿಸಿದ್ದೆ. ಬರುವ ಶನಿವಾರ ಎರಡನೇ ಸಿಟಿಂಗ್‌ಗೆ ಬರಹೇಳಿದ್ದಾರೆ, ದುಡ್ಡು ಮೊದಲೇ ಕಟ್ಟಿದ್ದೇನೆ. ಮನೆಯಲ್ಲಿ ಹಾಕಿಕೊಳ್ಳಲು ಟ್ರೇ ಮತ್ತು ಜೆಲ್ ಕೂಡ ಕೊಟ್ಟಿದ್ದಾರೆ. ಜುಮ್ ಅಂದರೆ ಔಷಧಿ ಕೆಲಸ ಮಾಡ್ತಿದೆ ಅಂತ ಅರ್ಥ ಅಂದರು. ಎನಾಮಲ್ ಸವೆದು ಹೋಯಿತಾ? ನರ ಸತ್ತು ರೂಟ್ ಕೆನಾಲ್ ಮಾಡಿಸಬೇಕಾಗುತ್ತಾ? ಅಜ್ಜಿ ಲವಂಗದೆಣ್ಣೆ ಹಚ್ಚು ಅಂತಾರೆ. ಫ್ಲೋರೈಡ್ ಇರುವ ಪೇಸ್ಟ್ ಮುಟ್ಟಬೇಡ, ಫ್ಲೋರೈಡಿಂದಲೇ ನಿನ್ನ ಹಲ್ಲು ಹಾಳಾಗಿದ್ದು ಅಂತ ಅಪ್ಪ ಅಂತಾರೆ. ಏನು ಮಾಡಲಿ?

ಉತ್ತರ: ನೀವು ಒಂದೇ ಉಸಿರಿನಲ್ಲಿ ಬರೆದಿರುವುದರಲ್ಲಿ ಎರಡು ಬೇರೆ ಬೇರೆ ನೋವುಗಳಿವೆ. ಮುಂದಿನ ಹಲ್ಲುಗಳೆಲ್ಲ ತಣ್ಣನೆಯದಕ್ಕೆ ಜುಮ್ಮೆಂದು ಕ್ಷಣದಲ್ಲಿ ಸುಮ್ಮನಾಗುವುದು ಒಂದು. ಕೋರೆಹಲ್ಲಿನ ಹಿಂದಿನ ಒಂದೇ ಹಲ್ಲು ಬಿಸಿಗೆ ನೊಂದು ನಿಮಿಷಗಟ್ಟಲೆ ಬಿಡದೆ ಕಾಡುವುದು ಇನ್ನೊಂದು. ಮೊದಲನೆಯದು ಬ್ಲೀಚಿಂಗ್‌ನ ಕೂಸು, ತಾನಾಗಿ ಹೋಗುತ್ತದೆ. ಎರಡನೆಯದನ್ನು ನಾನು ಬ್ಲೀಚಿಂಗ್‌ನ ಲೆಕ್ಕಕ್ಕೆ ಹಾಕುವುದಿಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಮಾತನ್ನು ನೋಡೋಣ: ಬ್ಲೀಚಿಂಗ್‌ನಿಂದ ಎನಾಮಲ್ ಹೋಯಿತಾ, ನರ ಸತ್ತಿತಾ?

ಇಲ್ಲ. ಬ್ಲೀಚಿಂಗ್ ಜೆಲ್‌ನಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡ್, ಇಲ್ಲವೇ ಬಾಯಿಯಲ್ಲಿ ಒಡೆದು ಅದನ್ನೇ ಬಿಡುವ ಕಾರ್ಬಮೈಡ್ ಪೆರಾಕ್ಸೈಡ್. ಇದು ಹಲ್ಲನ್ನು ಕೆರೆದು ಬಿಳಿ ಮಾಡುವುದಿಲ್ಲ. ಹಲ್ಲಿನ ಹೊರಕವಚವಾದ ಎನಾಮಲ್ ಕಣ್ಣಿಗೆ ಗಾಜಿನಂತೆ ಗಟ್ಟಿ ಕಂಡರೂ ಪೆರಾಕ್ಸೈಡ್‌ನಂಥ ಸಣ್ಣ ಕಣಕ್ಕೆ ಅದು ಜರಡಿ. ಕಣ ಒಳಗೆ ಇಳಿದು, ಅಡಿಯ ಡೆಂಟಿನ್ ಎಂಬ ಪದರದಲ್ಲಿ ಕೂತಿರುವ ಬಣ್ಣದ ಅಣುಗಳನ್ನು ಒಡೆದು ಚಿಕ್ಕದು ಮಾಡುತ್ತದೆ. ಬಣ್ಣ ತಿಳಿಯಾಗುತ್ತದೆ. ಎನಾಮಲ್‌ನ ಮೇಲ್ಮೈ ಕೆಲವು ಕಾಲ ಒಂಚೂರು ಮೆದುವಾಗುವುದುಂಟು. ಎಂಜಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಅದನ್ನು ಮತ್ತೆ ಬಿಗಿ ಮಾಡುತ್ತವೆ. ನಿಜವಾಗಿ ಎನಾಮಲ್ ತಿನ್ನುವುದು ನಿಂಬೆಹಣ್ಣು ಉಜ್ಜುವವರ ಚಿಕಿತ್ಸೆ, ಇದ್ದಿಲು ಪುಡಿಯಲ್ಲಿ ತಿಕ್ಕುವವರ ಚಿಕಿತ್ಸೆ. ಆ ಕೆಲಸ ನೀವು ಮಾಡಿಲ್ಲ ಎಂದುಕೊಳ್ಳುತ್ತೇನೆ.

ತೊಂದರೆ ಎಲ್ಲಿ ಅಂದರೆ, ಕಣ ಡೆಂಟಿನ್‌ನಲ್ಲೇ ನಿಲ್ಲುವುದಿಲ್ಲ. ಹಲ್ಲಿನ ನಡುವೆ ರಕ್ತನಾಳ, ನರ ಎರಡೂ ಇರುವ ಮೆತ್ತನೆಯ ತಿರುಳಿದೆ. ಪೆರಾಕ್ಸೈಡ್ ಹಚ್ಚಿದ 5ರಿಂದ 15 ನಿಮಿಷದೊಳಗೆ ಅದರ ಒಂದಿಷ್ಟು ಪಾಲು ಅಲ್ಲಿಗೆ ತಲುಪುತ್ತದೆ. ಪೆರಾಕ್ಸೈಡನ್ನು ಒಡೆದುಹಾಕುವ ಕಿಣ್ವಗಳು ತಿರುಳಿನಲ್ಲೇ ಇವೆ. ಬಂದದ್ದು ಅವುಗಳ ಕೈಗೆ ನಿಭಾಯಿಸುವಷ್ಟಿದ್ದರೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಮೀರಿದರೆ ತಿರುಳು ಸ್ವಲ್ಪ ಊದಿಕೊಳ್ಳುತ್ತದೆ. ಕೈ ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ತಿರುಳು ಇರುವುದು ಕಲ್ಲಿನಂಥ ಗೋಡೆಯೊಳಗೆ, ಅದಕ್ಕೆ ಹಿಗ್ಗಲು ಜಾಗವಿಲ್ಲ. ಹಾಗಾಗಿ ಸುಮ್ಮನೆ ಕೂತಾಗಲೂ ಚುಳ್ ಅನ್ನುತ್ತದೆ.

ತಣ್ಣೀರಿಗೆ, ಗಾಳಿಗೆ ಜುಮ್ಮೆನ್ನುವ ಕಾರಣ ಇನ್ನೊಂದು ಬಗೆಯದು. ಡೆಂಟಿನ್ ಅಂದರೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕೊಳವೆಗಳ ಕಟ್ಟು. ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಹತ್ತಾರು ಸಾವಿರ ಕೊಳವೆ, ಪ್ರತಿಯೊಂದರಲ್ಲೂ ದ್ರವ. ತಂಪು ತಾಗಿದೊಡನೆ ಆ ದ್ರವ ಸರಕ್ಕನೆ ಚಲಿಸುತ್ತದೆ, ಒಳಗಿನ ನರದ ತುದಿಯನ್ನು ಮೀಟುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ದಂತವಿಜ್ಞಾನಿ ಬ್ರಾನ್‌ಸ್ಟ್ರೋಮ್ ತೋರಿಸಿಕೊಟ್ಟ ವಿವರಣೆ ಇದು, ಇಂದಿಗೂ ನಾವು ನೆಚ್ಚಿಕೊಂಡಿರುವುದು ಇದನ್ನೇ. ಎಲ್ಲರ ಹಲ್ಲಿನಲ್ಲೂ ದಿನವೂ ನಡೆಯುವ ಚಲನೆಯೇ. ನಿಮ್ಮ ನರ ಈಗ ಸಿಟ್ಟಿಗೆದ್ದಿದೆ, ಅದಕ್ಕೆ ಸಣ್ಣ ಮಾತೂ ದೊಡ್ಡದಾಗಿ ಕೇಳಿಸುತ್ತಿದೆ.

ಸಾಮಾನ್ಯವಾಗಿ ಈ ಜುಮ್ಮು ಮೊದಲ ಎರಡು ದಿನ ಜೋರಾಗಿದ್ದು ಆಮೇಲೆ ಇಳಿಯುತ್ತದೆ. ಕೆಲವರಿಗೆ ವಾರ, ಅಪರೂಪಕ್ಕೆ ಎರಡು ವಾರ ಎಳೆಯುತ್ತದೆ. ಕನ್ನಡಿ ಮುಂದೆ ನಿಂತು ಗಮನಿಸಿ: ಮೇಲಿನ ನಡುವಿನ ದೊಡ್ಡ ಹಲ್ಲುಗಳಿಗಿಂತ ಅವುಗಳ ಪಕ್ಕದ ಚಿಕ್ಕ ಹಲ್ಲುಗಳು, ಕೆಳಗಿನ ಮುಂದಿನ ನಾಲ್ಕು ಹಲ್ಲುಗಳು ಹೆಚ್ಚು ಕಾಡುತ್ತಿರಬೇಕು. ಚಿಕ್ಕ ಹಲ್ಲು, ತೆಳು ಎನಾಮಲ್, ತಿರುಳಿಗೆ ದಾರಿ ಹತ್ತಿರ.

ಇನ್ನು 'ಜುಮ್ ಅಂದರೆ ಕೆಲಸ ಮಾಡ್ತಿದೆ' ಅನ್ನುವ ಮಾತು. ನಮ್ಮ ವೃತ್ತಿಯವರ ಬಾಯಲ್ಲೇ ಇದನ್ನು ಕೇಳಿದಾಗ ನನಗೆ ಕಸಿವಿಸಿ. ಬಿಳಿಯಾಗುವುದಕ್ಕೂ ಜುಮ್ಮೆನ್ನುವುದಕ್ಕೂ ಗಂಟಿಲ್ಲ. ಏನೂ ಜುಮ್ಮೆನ್ನದೆ ಚೆನ್ನಾಗಿ ಬಿಳಿಯಾದವರು ಎಷ್ಟೋ ಮಂದಿ, ಜುಮ್ಮೆಂದು ಅಷ್ಟೇನೂ ಬಿಳಿಯಾಗದವರೂ ಇದ್ದಾರೆ. ಜುಮ್ಮು ಹೇಳುವುದು ಇಷ್ಟೇ: ಪ್ರಮಾಣ ನಿನ್ನ ತಿರುಳಿಗೆ ಹೆಚ್ಚಾಯಿತು. ಆದ್ದರಿಂದ ಶನಿವಾರದ ಎರಡನೇ ಸಿಟಿಂಗ್ ಬೇಡ. ನಾಲ್ಕು ದಿನವಾದರೂ ಇಳಿಯದ ಉರಿಯ ಮೇಲೆ ಅದೇ ಪ್ರಮಾಣವನ್ನು ಮತ್ತೆ ಹಚ್ಚುವುದು ಗಾಯದ ಮೇಲೆ ಬರೆ.

ಹೆಚ್ಚು ಅಂದರೆ ಎಷ್ಟು ಹೆಚ್ಚು ಎಂದು ಗೊತ್ತಿರಲಿ. ಕ್ಲಿನಿಕ್‌ನಲ್ಲಿ ಹಚ್ಚುವ ಜೆಲ್‌ನಲ್ಲಿ ಸಾಮಾನ್ಯವಾಗಿ ಶೇ 25ರಿಂದ 40ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ. ಮನೆಯ ಟ್ರೇಗೆ ಕೊಡುವ ಶೇ 10ರ ಕಾರ್ಬಮೈಡ್ ಪೆರಾಕ್ಸೈಡ್ ಒಡೆದರೆ ಸಿಗುವುದು ಸುಮಾರು ಶೇ 3.5 ಮಾತ್ರ. ಯುರೋಪ್ ಒಕ್ಕೂಟದ ದೇಶಗಳಲ್ಲಿ ಹಲ್ಲು ಬಿಳಿ ಮಾಡುವ ಸಾಮಗ್ರಿಗೆ 2012ರಿಂದ ಶೇ 6ರ ಮಿತಿ ಇದೆ, ಅದೂ ದಂತವೈದ್ಯರ ಮೂಲಕ, 18 ವರ್ಷ ದಾಟಿದವರಿಗೆ ಮಾತ್ರ. ಅಲ್ಲಿಯವರ ಹಲ್ಲೂ ಬಿಳಿಯಾಗುತ್ತದೆ, ಸ್ವಲ್ಪ ನಿಧಾನ ಅಷ್ಟೆ. ನೀಲಿ ಲೈಟ್ ಬಗ್ಗೆ ನನ್ನ ಅಭಿಪ್ರಾಯ ಬೇರೆ: ಕೊನೆಗೆ ಸಿಗುವ ಬಿಳುಪಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ, ಹಲ್ಲು ಬಿಸಿಯಾಗಿ ಜುಮ್ಮು ಹೆಚ್ಚಾಗುವ ಸಾಧ್ಯತೆ ಮಾತ್ರ ಇದೆ. ನನ್ನ ಬಳಿಯೂ ಒಂದು ಲೈಟ್ ಇತ್ತು. ಈಗ ಅದರ ಸ್ಟ್ಯಾಂಡಿಗೆ ಏಪ್ರನ್ ನೇತುಹಾಕುತ್ತೇನೆ.

ನಾನೇನೂ ಮೊದಲಿಂದ ಜಾಣನಲ್ಲ. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಹೀಗೇ ಮದುವೆ ಗೊತ್ತಾಗಿದ್ದ ಹುಡುಗನೊಬ್ಬನಿಗೆ ಮೂರು ದಿನದ ಅಂತರದಲ್ಲಿ ಎರಡು ಸಿಟಿಂಗ್ ಮಾಡಿದೆ. ಅವನ ಅವಸರ, ನನಗೂ ಇಲ್ಲ ಅನ್ನುವ ಧೈರ್ಯವಿಲ್ಲ. ಆರತಕ್ಷತೆಯಲ್ಲಿ ಐಸ್‌ಕ್ರೀಮ್ ಕಪ್ ಹಿಡಿದು ಫೋಟೊಗೆ ನಿಂತು, ಫೋಟೊ ಮುಗಿದದ್ದೇ ಪಕ್ಕದಲ್ಲಿದ್ದ ಮಗುವಿಗೆ ಕೊಟ್ಟುಬಿಟ್ಟೆ ಸಾರ್ ಎಂದು ಆಮೇಲೆ ಬಂದು ಹೇಳಿದ. ನಗುತ್ತಲೇ ಹೇಳಿದ, ಆದರೆ ಆ ಆಲ್ಬಮ್‌ನಲ್ಲಿ ಅವನು ಬಾಯಿ ಬಿಟ್ಟು ನಕ್ಕ ಫೋಟೊ ಕಡಿಮೆ.

ಈಗ ನೀವು ಮಾಡಬೇಕಾದದ್ದು. ಇನ್ನೊಂದು ವಾರ ಯಾವ ಬ್ಲೀಚಿಂಗೂ ಇಲ್ಲ, ಮನೆಯ ಟ್ರೇಯೂ ಇಲ್ಲ. ಆದರೆ ಆ ಟ್ರೇಯನ್ನು ಎತ್ತಿಡಬೇಡಿ, ಅದಕ್ಕೆ ಬೇರೆ ಕೆಲಸವಿದೆ. ಔಷಧಿ ಅಂಗಡಿಯಲ್ಲಿ 'ಸೆನ್ಸಿಟಿವ್ ಪೇಸ್ಟ್' ಎಂದು ಕೇಳಿ, ಕೊಳ್ಳುವ ಮುಂಚೆ ಹಿಂಬದಿ ಓದಿ. ಶೇ 5ರಷ್ಟು ಪೊಟ್ಯಾಸಿಯಂ ನೈಟ್ರೇಟ್ ಇರಬೇಕು, ಫ್ಲೋರೈಡ್ ಇದ್ದರೆ ಒಳ್ಳೆಯದು. ಪೊಟ್ಯಾಸಿಯಂ ಡೆಂಟಿನ್‌ನ ಕೊಳವೆಗಳ ಮೂಲಕ ಒಳಗಿಳಿದು ನರದ ಸುತ್ತ ಸೇರಿ, ಅದು ಪದೇ ಪದೇ ಸಿಡಿಯದಂತೆ ಸುಮ್ಮನಾಗಿಸುತ್ತದೆ. ಬರೀ ಬ್ರಷ್ ಮಾಡಿದರೆ ಗುಣ ಕಾಣಲು ಎರಡು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಎರಡು ದಿನ ತಿಕ್ಕಿ 'ಇದರಿಂದ ಏನೂ ಆಗಲಿಲ್ಲ' ಎಂದು ಪೇಸ್ಟ್ ಬಿಸಾಕುವವರು ಎಡವುವುದು ಇಲ್ಲೇ. ನಿಮಗೆ ಅಷ್ಟು ಕಾಯಲು ಪುರುಸೊತ್ತಿಲ್ಲ. ಟ್ರೇ ಕೆಲಸಕ್ಕೆ ಬರುವುದು ಇದಕ್ಕೇ.

ಟ್ರೇಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ. ಕುದಿಯುವ ನೀರು ಹಾಕಿದರೆ ಸೊಟ್ಟಗಾಗುತ್ತದೆ. ಒಳಗೋಡೆಯಲ್ಲಿ, ತುಟಿಯ ಕಡೆಗೆ ಬರುವ ಬದಿಯಲ್ಲಿ, ಒಂದೊಂದು ಹಲ್ಲಿನ ಗುಂಡಿಗೂ ಅಕ್ಕಿಕಾಳಿನಷ್ಟು ಪೇಸ್ಟ್ ಇಡಿ. ಹಾಕಿಕೊಂಡು ಬೆರಳಿನಿಂದ ಮೆಲ್ಲಗೆ ಒತ್ತಿ. ಅಂಚಿನಿಂದ ವಸಡಿನ ಮೇಲೆ ಉಕ್ಕಿದರೆ ಹೆಚ್ಚು ಹಾಕಿದ್ದೀರಿ ಎಂದರ್ಥ, ಹತ್ತಿಯಲ್ಲಿ ಒರೆಸಿ. ಮೊದಲ ಸಲ ಹತ್ತು ನಿಮಿಷ ಸಾಕು, ಆಮೇಲೆ ಅರ್ಧ ಗಂಟೆಯವರೆಗೂ ಇಟ್ಟುಕೊಳ್ಳಬಹುದು. ರಾತ್ರಿ ಊಟ ಆದ ಮೇಲೆ, ದಿನಕ್ಕೊಂದು ಸಲ. ಕೆಲವರಿಗೆ ನೊರೆ ಜಾಸ್ತಿ ಬರುವ ಪೇಸ್ಟ್ ಟ್ರೇಯಲ್ಲಿ ಕೂತಾಗ ವಸಡು ಚುರುಗುಟ್ಟುತ್ತದೆ. ಹಾಗಾದರೆ ನೊರೆ ಬರದ, ಟ್ರೇಗೆಂದೇ ಮಾಡಿದ ಪೊಟ್ಯಾಸಿಯಂ ನೈಟ್ರೇಟ್ ಜೆಲ್ ಸಿಗುತ್ತದೆ, ನಿಮ್ಮ ವೈದ್ಯರನ್ನೇ ಕೇಳಿ. ಎರಡು ಮೂರು ರಾತ್ರಿಯಲ್ಲೇ ವ್ಯತ್ಯಾಸ ಕಂಡವರು ನನ್ನಲ್ಲಿ ಬಹಳ ಮಂದಿ.

ಉಳಿದ ಹೊತ್ತು ಅದೇ ಪೇಸ್ಟಿನಲ್ಲಿ ಎರಡು ಹೊತ್ತು ಬ್ರಷ್ ಮಾಡಿ. ಮೆದು ಬ್ರಷ್, ಬೆಚ್ಚಗಿನ ನೀರು. ಮುಗಿದ ಮೇಲೆ ಉಗಿಯಿರಿ, ಲೋಟ ಲೋಟ ನೀರು ಹಾಕಿ ಮುಕ್ಕಳಿಸಬೇಡಿ. ಮುಕ್ಕಳಿಸಿದರೆ ಔಷಧಿಯೆಲ್ಲ ಸಿಂಕಿಗೆ. ನೋವಿಗೆ ಹೆದರಿ ಬ್ರಷ್ ಬಿಟ್ಟರೆ ವಸಡು ಊದಿ ರಕ್ತ ಬಂದು ಇನ್ನೊಂದು ರಗಳೆ ಶುರುವಾಗುತ್ತದೆ. ಕಚ್ಚಿ ಹಿಡಿದು ಅಡ್ಡಡ್ಡ ಉಜ್ಜುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲುಗಳ ಬುಡದಲ್ಲಿ, ವಸಡಿನ ಅಂಚಿಗೆ, ಉಗುರು ಸಿಕ್ಕುವಂಥ ತೋಡು ಬಿದ್ದಿರುವವರು ನಮ್ಮಲ್ಲಿ ಲೆಕ್ಕವಿಲ್ಲ. ಅಲ್ಲಿ ಎನಾಮಲ್ಲೇ ಇಲ್ಲ, ಬೇರಿನ ಡೆಂಟಿನ್ ಬತ್ತಲೆ. ಅಂಥ ಜಾಗಕ್ಕೆ ಬ್ಲೀಚಿಂಗ್ ಜೆಲ್ ತಾಗಿದರೆ ನೇರ ಒಳಗೆ. ಚಿಕಿತ್ಸೆಗೆ ಮುಂಚೆ ಗಾಳಿ ಊದುವ ಸಿರಿಂಜಿನಿಂದ ಒಂದೊಂದು ಹಲ್ಲಿಗೂ ಚೂರು ಗಾಳಿ ಬಿಟ್ಟು, ಯಾವುದು ಬೆಚ್ಚಿಬೀಳುತ್ತದೆ ಎಂದು ನೋಡಿ, ತೋಡು ಇರುವ ಕಡೆ ಮುಚ್ಚಿ ಆಮೇಲೆ ಜೆಲ್ ಹಚ್ಚಬೇಕಿತ್ತು. ಐದು ನಿಮಿಷದ ಕೆಲಸ. ನಿಮಗೆ ಅದನ್ನು ಮಾಡಿದರೋ ಇಲ್ಲವೋ ಬರೆದಿಲ್ಲ.

ಊಟ ತಿಂಡಿಗೆ ಬಹಳ ಪಥ್ಯ ಹೇಳುವುದಿಲ್ಲ. ಬಿಸಿ ಬಿಸಿ ಬೆಣ್ಣೆ ದೋಸೆ ಬಾಯಿಗಿಟ್ಟು ಮೇಲೆ ತಣ್ಣೀರು ಕುಡಿಯುವ ನಮ್ಮ ದಾವಣಗೆರೆ ಚಾಳಿಯನ್ನು ಒಂದು ವಾರ ಬಿಡಿ. ದೋಸೆ ತಿನ್ನಿ, ಹಬೆ ಆರಲಿ. ನಿಂಬೆ ಸೋಡಾ, ಕೋಲಾ, ಹುಣಸೆ ಹುಳಿ ಚೀಪುವುದು ಬೇಡ. ಹುಳಿ ತಿಂದ ಅರ್ಧ ಗಂಟೆ ಬ್ರಷ್ ಹಚ್ಚಬೇಡಿ. ಖಾರ ಮಂಡಕ್ಕಿಗೂ ಮೆಣಸಿನಕಾಯಿಗೂ ಜುಮ್ಮಿಗೂ ಸಂಬಂಧವಿಲ್ಲ, ತಿನ್ನಬಹುದು. ಅರಿಶಿನ, ಕಾಫಿ, ಬೀಟ್‌ರೂಟ್ ಮುಟ್ಟಲೇಬಾರದು, ಬರೀ ಮೊಸರನ್ನ ತಿನ್ನಬೇಕು ಎಂದು ಕೆಲವರು ಚೀಟಿ ಬರೆದುಕೊಡುತ್ತಾರೆ. ನಾನು ಅಷ್ಟು ಬಿಗಿ ಮಾಡುವುದಿಲ್ಲ. ಮೊದಲ ಎರಡು ದಿನ ನೋಡಿಕೊಂಡರಾಯಿತು, ಅದು ನಿಮಗೆ ಆಗಲೇ ಕಳೆದಿದೆ. ಸ್ಕೂಟಿಯಲ್ಲಿ ಮುಖಕ್ಕೆ ದುಪಟ್ಟಾ ಸುತ್ತಿ, ಅದರ ಮೇಲೆ ಹೆಲ್ಮೆಟ್. ಬೆಳಗ್ಗೆಯ ಚಳಿಗಾಳಿ ಹಲ್ಲಿಗೆ ನೇರ ಹೊಡೆಯಬಾರದು.

ತೀರಾ ತಡೆಯದ ದಿನ, ಊಟದ ಮೇಲೆ ಒಂದು ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಐಬುಪ್ರೊಫೇನ್ ಕೂಡ ಆಗುತ್ತದೆ, ಆದರೆ ಹೊಟ್ಟೆಹುಣ್ಣು, ಅಸ್ತಮಾ, ಕಿಡ್ನಿ ತೊಂದರೆ ಇರುವವರಿಗೆ ಅದು ಬೇಡ. ಬ್ಲೀಚಿಂಗ್ ಜುಮ್ಮಿಗೆ ದಿನಾ ಮಾತ್ರೆ ನುಂಗುವ ಸ್ಥಿತಿ ಬಂದರೆ ಅದು ಬ್ಲೀಚಿಂಗ್ ಜುಮ್ಮಲ್ಲ, ಡಾಕ್ಟರಿಗೆ ತೋರಿಸಬೇಕು.

ಅಜ್ಜಿಗೆ ಬೇಸರ ಮಾಡಬೇಡಿ, ಆದರೆ ಲವಂಗದೆಣ್ಣೆ ಬೇಡ. ಹುಳುಕಿನ ತೂತಿನಲ್ಲಿ ಹತ್ತಿಗೆ ಅದ್ದಿ ಇಟ್ಟರೆ ಒಂದು ರಾತ್ರಿ ಕಳೆಯಲು ಅದು ನಿಜವಾಗಿ ನೆರವಾಗುತ್ತದೆ, ಅಜ್ಜಿ ನೋಡಿರುವುದು ಅದನ್ನೇ. ಜುಮ್ಮೆನ್ನುವ ನಿಮ್ಮ ಮುಂದಿನ ಹಲ್ಲುಗಳಲ್ಲಿ ಅಂಥ ತೂತಿಲ್ಲ. ಗಟ್ಟಿ ಎನಾಮಲ್ ಮೇಲೆ ಹಚ್ಚಿದರೆ ತಿರುಳಿಗೆ ತಲುಪುವುದಿಲ್ಲ, ಜೆಲ್‌ನಿಂದ ಈಗಾಗಲೇ ಕೆರಳಿರುವ ವಸಡು ಸುಟ್ಟು ಬೆಳ್ಳಗಾಗುತ್ತದೆ.

ಅಪ್ಪನ ಮಾತಿಗೆ ಸ್ವಲ್ಪ ಉದ್ದ ಉತ್ತರ ಬೇಕು, ಏಕೆಂದರೆ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಬರುವ ಎಷ್ಟೋ ತಂದೆತಾಯಿ ಇದನ್ನೇ ಕೇಳುತ್ತಾರೆ. ಅವರು ಹೇಳುವುದರಲ್ಲಿ ಅರ್ಧ ಸರಿ. ನಿಮ್ಮ ಕಂದು ಗೆರೆಗೆ ಬಹುಮಟ್ಟಿಗೆ ಕಾರಣ ಬಾಲ್ಯದಲ್ಲಿ ಕುಡಿದ ಬೋರ್‌ವೆಲ್ ನೀರು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ನಮ್ಮ ಬಯಲುಸೀಮೆಯ ಆಳದ ಬೋರ್‌ಗಳಲ್ಲಿ ಅದನ್ನು ಮೀರಿದವು ಬೇಕಾದಷ್ಟಿವೆ. ಅದಕ್ಕೇ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುವುದು. ಆ ನೀರು ಹೊಟ್ಟೆಗೆ ಹೋಗಿ, ರಕ್ತದ ಮೂಲಕ, ದವಡೆಯೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲನ್ನು ತಲುಪುತ್ತದೆ, ಎನಾಮಲ್ ಸರಿಯಾಗಿ ಹದಗೊಳ್ಳದೆ ಅಲ್ಲಲ್ಲಿ ಸಚ್ಛಿದ್ರವಾಗಿ, ಅಂದರೆ ಸಣ್ಣ ಸಣ್ಣ ರಂಧ್ರಗಳೊಂದಿಗೆ, ಉಳಿಯುತ್ತದೆ. ಇದೆಲ್ಲ ಸುಮಾರು ಎಂಟು ವರ್ಷದೊಳಗೆ ನಡೆದು ಮುಗಿಯುವ ಸಂಗತಿ. ನಿಮ್ಮ ಹಲ್ಲಿಗೆ ಈಗ ಫ್ಲೋರೋಸಿಸ್, ಅಂದರೆ ಫ್ಲೋರೈಡಿನಿಂದಾಗುವ ಈ ತೊಂದರೆ, ಹೊಸದಾಗಿ ಬರಲಾರದು. ಪೇಸ್ಟಿನ ಫ್ಲೋರೈಡ್ ಹೊರಗಿನಿಂದ, ಪೂರ್ತಿ ಬೆಳೆದ ಹಲ್ಲಿನ ಮೇಲೆ ಕೂತು ಎನಾಮಲ್‌ನ ಮೇಲ್ಮೈ ಗಟ್ಟಿ ಮಾಡುತ್ತದೆ, ಕೊಳವೆಗಳ ಬಾಯಿ ಮುಚ್ಚಲು ನೆರವಾಗುತ್ತದೆ. ಒಂದೇ ವಸ್ತು, ಆದರೆ ಕಾಲ ಬೇರೆ, ದಾರಿ ಬೇರೆ. ಹಾಗಾಗಿ ನೀವು ಧೈರ್ಯವಾಗಿ ಬಳಸಿ. ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದು ಊರಿನ ಬೋರ್ ನೀರೇ ಕುಡಿಯುತ್ತಿದ್ದರೆ ಮಾತ್ರ ಅಪ್ಪನ ಎಚ್ಚರಿಕೆ ಬೆಲೆಯುಳ್ಳದ್ದು: ಆ ಮಕ್ಕಳ ಕುಡಿಯುವ ನೀರು ಬದಲಿಸಬೇಕು, ಪೇಸ್ಟ್ ತೀರಾ ಸ್ವಲ್ಪ, ನುಂಗದಂತೆ ದೊಡ್ಡವರು ಪಕ್ಕದಲ್ಲಿ ನಿಲ್ಲಬೇಕು. ನಿಮಗೆ ಪೇಸ್ಟಿನಿಂದ ಸಾಲದಿದ್ದರೆ ಶೇ 5ರ ಸೋಡಿಯಂ ಫ್ಲೋರೈಡ್ ವಾರ್ನಿಷನ್ನು ವೈದ್ಯರೇ ಒಮ್ಮೆ ಹಚ್ಚಿಕೊಡಬಹುದು. ಹಾಲಿನ ಪ್ರೋಟೀನಿನಿಂದ ಮಾಡಿದ ಕ್ಯಾಲ್ಸಿಯಂ ಕ್ರೀಮುಗಳೂ ಬಂದಿವೆ, ಹಾಲಿನ ಅಲರ್ಜಿ ಇದ್ದವರು ಮುಟ್ಟಬಾರದು.

ಕಂದು ಗೆರೆಯ ವಿಚಾರ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಅಳಿಸುವ ಹಟದಲ್ಲೇ ನೀವು ಎರಡನೇ ಸಿಟಿಂಗ್‌ಗೆ ಓಡುತ್ತೀರೇನೋ ಎಂಬ ಭಯ. ಎಲೆ ಅಡಿಕೆ, ಚಹಾದ ಕಲೆ ಹಲ್ಲಿನ ಮೇಲೆ ಕೂತದ್ದು, ಕ್ಲೀನಿಂಗ್‌ನಲ್ಲೇ ಹೋಗುತ್ತದೆ, ಅದಕ್ಕೆ ಬ್ಲೀಚಿಂಗ್ ಬೇಕಿಲ್ಲ. ಫ್ಲೋರೋಸಿಸ್ ಕಲೆ ಎನಾಮಲ್‌ನ ಒಳಗಿನದು. ಬ್ಲೀಚಿಂಗ್‌ಗೆ ಅದು ಮಸುಕಾಗಬಹುದು, ಪೂರ್ತಿ ಹೋಗುವ ಭರವಸೆ ಇಲ್ಲ. ಪಕ್ಕದಲ್ಲಿ ಸುಣ್ಣದಂಥ ಬಿಳಿ ಮಚ್ಚೆಗಳಿದ್ದರೆ ಬ್ಲೀಚಿಂಗ್ ಆದ ಮೊದಲ ದಿನಗಳಲ್ಲಿ ಅವು ಇನ್ನೂ ಎದ್ದು ಕಾಣುತ್ತವೆ, ಅದನ್ನು ಕಂಡು ಗಾಬರಿಯಾಗಬೇಡಿ. ಗೆರೆಗೆ ಸರಿಯಾದ ಚಿಕಿತ್ಸೆ ಬೇರೆ. ಆಮ್ಲ ಬೆರೆತ ಪುಡಿಯಿಂದ ಮೇಲಿನ ತೆಳು ಪದರವನ್ನಷ್ಟೇ ಹುಷಾರಾಗಿ ಉಜ್ಜಿ ತೆಗೆಯುವ ಮೈಕ್ರೋಅಬ್ರೇಶನ್ ಇದೆ, ಸಚ್ಛಿದ್ರ ಎನಾಮಲ್‌ಗೆ ರಾಳ ಇಳಿಸುವ ವಿಧಾನವಿದೆ. ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಫ್ಲೋರೋಸಿಸ್ ಹಲ್ಲು ನೋಡಿ ನೋಡಿ ಕೈ ಪಳಗಿದ ಜಾಗ. ಆದರೆ ಜುಮ್ಮೆನ್ನುವ ಹಲ್ಲಿನ ಮೇಲೆ ಇವತ್ತು ಅದನ್ನೂ ಮಾಡಿಸಬೇಡಿ, ಮದುವೆ ಮುಗಿಸಿಕೊಂಡು ಹೋಗಿ.

ಇನ್ನೊಂದು ಗುಟ್ಟು. ಆವತ್ತು ಕುರ್ಚಿಯಿಂದ ಎದ್ದಾಗ ಕನ್ನಡಿಯಲ್ಲಿ ಕಂಡ ಬಿಳುಪು ಪೂರ್ತಿ ನಿಜವಲ್ಲ. ಒಂದು ಗಂಟೆ ತುಟಿ ಎಳೆದು ಹಿಡಿದಿದ್ದರಿಂದ ಹಲ್ಲು ಒಣಗಿರುತ್ತದೆ, ಒಣಗಿದ ಹಲ್ಲು ಬೆಳ್ಳಗೆ ಕಾಣುತ್ತದೆ. ಎಂಜಲು ಹೀರಿಕೊಂಡು ಒಂದೆರಡು ವಾರದಲ್ಲಿ ಅದು ತನ್ನ ನಿಜವಾದ ಬಣ್ಣಕ್ಕೆ ಬರುತ್ತದೆ. 'ಅಯ್ಯೋ, ಮತ್ತೆ ಹಳದಿ ಆಗ್ತಿದೆ' ಎಂದು ಆಗ ಎರಡನೇ ಸಿಟಿಂಗ್ ಮಾಡಿಸಿಕೊಳ್ಳುವವರು ಬಹಳ.

ನಿಮ್ಮ 24 ದಿನಗಳನ್ನು ನಾನಾದರೆ ಹೀಗೆ ಬಳಸುತ್ತಿದ್ದೆ. ಮೊದಲ ಏಳು ದಿನ ಜುಮ್ಮು ಇಳಿಸಲು. ಎಂಟನೇ ದಿನ ಕೊಡದ ನೀರು ಒಂದು ಗುಟುಕು ಕುಡಿದು ನೋಡಿ. ಸುಮ್ಮನಿದ್ದರೆ, ಮತ್ತು ಆ ಒಂದು ಹಲ್ಲಿಗೆ ಏನೂ ಇಲ್ಲ ಎಂದು ಗೊತ್ತಾಗಿದ್ದರೆ, ಮನೆಯ ಟ್ರೇಗೆ ಜೆಲ್ ಹಾಕಿ ಶುರು ಮಾಡಬಹುದು. ಕೊಟ್ಟಿರುವ ಸಿರಿಂಜಿನ ಮೇಲೆ ಎಷ್ಟು ಪ್ರಮಾಣ ಎಂದು ನೋಡಿ: ಕಾರ್ಬಮೈಡ್ ಪೆರಾಕ್ಸೈಡ್ ಶೇ 10 ಎಂದಿದ್ದರೆ ಸರಿ, 16 ಅಥವಾ 22 ಎಂದಿದ್ದರೆ ಬದಲಿಸಿಕೊಡಿ ಎನ್ನಿ. ದಿನ ಬಿಟ್ಟು ದಿನ, ಒಂದು ಗಂಟೆ. ಈ ಜೆಲ್‌ನ ಕೆಲಸ ಮೊದಲ ಒಂದೆರಡು ಗಂಟೆಯಲ್ಲೇ ಹೆಚ್ಚು ನಡೆಯುತ್ತದೆ, ಜುಮ್ಮು ಬರುವವರು ರಾತ್ರಿಯಿಡೀ ಇಟ್ಟುಕೊಂಡು ಮಲಗಬೇಕಿಲ್ಲ. ಹಚ್ಚುವ ಮುಂಚೆ ಅರ್ಧ ಗಂಟೆ ಪೊಟ್ಯಾಸಿಯಂ ನೈಟ್ರೇಟ್ ಪೇಸ್ಟಿನ ಟ್ರೇ. ಮಧ್ಯೆ ಜುಮ್ಮೆಂದರೆ ಎರಡು ದಿನ ಬಿಡಿ, ಮತ್ತೆ ಮಾಡಿ. ಮದುವೆಗೆ ಒಂದು ವಾರ ಇರುವಾಗ ನಿಲ್ಲಿಸಿ. ಅಷ್ಟರಲ್ಲಿ ನಾಲ್ಕೈದು ಸಲ ಆಗಿರುತ್ತದೆ.

ಈ ಮನೆ ಟ್ರೇಯ ವಿಧಾನ ಹುಟ್ಟಿದ್ದೇ ಆಕಸ್ಮಿಕವಾಗಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ಕನ್ಸಾಸ್‌ನಲ್ಲಿ ಹಲ್ಲು ಸಾಲು ಸರಿಪಡಿಸುವ ವೈದ್ಯರೊಬ್ಬರು ವಸಡಿನ ಗಾಯ ಮಾಯಲೆಂದು ಶೇ 10ರ ಕಾರ್ಬಮೈಡ್ ಪೆರಾಕ್ಸೈಡನ್ನು ರಾತ್ರಿ ಟ್ರೇಯಲ್ಲಿ ಹಾಕಿಸಿದರು. ವಸಡು ವಾಸಿಯಾಯಿತು, ಜೊತೆಗೆ ಹಲ್ಲೂ ಬಿಳಿಯಾಗಿತ್ತು. 1989ರಲ್ಲಿ ದಂತವೈದ್ಯರಾದ ಹೇವುಡ್ ಮತ್ತು ಹೇಮನ್ ಅದನ್ನು ವಿಧಾನವಾಗಿ ಬರೆದು ಪ್ರಕಟಿಸಿದರು. ಮೊದಲು ಗಾಯದ ಔಷಧಿಯಾಗಿದ್ದ ಸೌಮ್ಯ ಪ್ರಮಾಣವೇ ಇಂದಿಗೂ ನನ್ನ ಮೊದಲ ಆಯ್ಕೆ.

ದುಡ್ಡು ಕಟ್ಟಿಯಾಗಿದೆ ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಎರಡನೇ ಸಿಟಿಂಗ್‌ನ ಬದಲಿಗೆ ಶೇ 10ರ ಜೆಲ್ ಮತ್ತು ವಾರ್ನಿಷ್ ಕೊಡಿ ಎಂದು ಕೇಳಿ. ಒಪ್ಪುವವರೇ ಹೆಚ್ಚು.

ಈಗ ಆ ಒಂದು ಹಲ್ಲು. ಬ್ಲೀಚಿಂಗ್ ನೋವು ಹಲವು ಹಲ್ಲಿಗೆ ಬರುತ್ತದೆ, ತಣ್ಣನೆಯದಕ್ಕೆ ಕೆರಳುತ್ತದೆ, ಕಾರಣ ಸರಿದ ಕೂಡಲೇ ಹೋಗುತ್ತದೆ. ನಿಮ್ಮ ಕೋರೆಹಲ್ಲಿನ ಹಿಂದಿನದು ಮೂರೂ ನಿಯಮ ಮುರಿದಿದೆ: ಒಂಟಿ ಹಲ್ಲು, ಬಿಸಿಗೆ ನೋವು, ಕಾಫಿ ಕುಡಿದಾದ ಮೇಲೂ ಒಂದೆರಡು ನಿಮಿಷ ಉಳಿಯುವ ನೋವು. ಬಿಸಿಗೆ ಬಂದ ನೋವು ಅರ್ಧ ನಿಮಿಷ ಮೀರಿ ಉಳಿದರೆ ತಿರುಳು ಮೊದಲೇ ಕೆಟ್ಟಿರಬಹುದೇ ಎಂದು ನಾವು ಅನುಮಾನಿಸುತ್ತೇವೆ. ಕಾಲೇಜಿನಲ್ಲಿ ತುಂಬಿಸಿದ ಸಿಮೆಂಟಿನ ಅಂಚು ಬಿಟ್ಟಿರಬಹುದು, ಅದರಡಿ ಹೊಸ ಹುಳುಕು ಇರಬಹುದು, ಸಣ್ಣ ಬಿರುಕೂ ಇರಬಹುದು. ಮೊದಲಿಂದ ಸುಮ್ಮನಿದ್ದ ತೊಂದರೆಯನ್ನು, ಆ ಸಂದಿನಲ್ಲಿ ಸರಾಗ ನುಗ್ಗಿದ ಪೆರಾಕ್ಸೈಡ್ ಎಬ್ಬಿಸಿದೆ ಅಷ್ಟೆ. ರೂಟ್ ಕೆನಾಲ್ ಬೇಕೇ ಬೇಡವೇ ಎಂಬುದು ನೋಡದೆ ಹೇಳುವ ಮಾತಲ್ಲ. ಸಿಮೆಂಟ್ ಬದಲಿಸಿದರೆ ಸಾಲಬಹುದು. ಬದಲಿಸುವುದಾದರೆ ಸದ್ಯಕ್ಕೆ ತಾತ್ಕಾಲಿಕವಾಗಿ ಮುಚ್ಚಿಸಿ. ಕೊನೆಯ ಬ್ಲೀಚಿಂಗ್ ಆಗಿ ಎರಡು ವಾರ ಕಳೆಯುವವರೆಗೆ ಹಲ್ಲಿನ ಬಣ್ಣದ ಸಿಮೆಂಟ್ ಸರಿಯಾಗಿ ಅಂಟುವುದಿಲ್ಲ, ಬಣ್ಣವೂ ಹೊಂದುವುದಿಲ್ಲ. ಹಳೆಯ ಸಿಮೆಂಟ್, ಕ್ಯಾಪ್ ಯಾವುದೂ ಬ್ಲೀಚಿಂಗ್‌ಗೆ ಬಿಳಿಯಾಗುವುದಿಲ್ಲ ಎಂಬುದೂ ತಿಳಿದಿರಲಿ. ಮಧ್ಯರಾತ್ರಿ ತಾನಾಗಿ ಎಬ್ಬಿಸುವ ನೋವು, ಕಚ್ಚಿದರೆ ನೋವು, ವಸಡಿನಲ್ಲಿ ಗುಳ್ಳೆ ಅಥವಾ ಕೆನ್ನೆ ಊದಿದ್ದು ಕಂಡರೆ ಶನಿವಾರದವರೆಗೂ ಕಾಯಬೇಡಿ.

ಕಾಣದಿದ್ದರೆ, ಶನಿವಾರದ ಅಪಾಯಿಂಟ್‌ಮೆಂಟ್ ರದ್ದು ಮಾಡಬೇಡಿ. ಅದೇ ಹೊತ್ತಿಗೆ ಹೋಗಿ. ಜೆಲ್ ಹಚ್ಚುವ ಕುರ್ಚಿಯಲ್ಲೇ ಕೂತು, ಎಡಗಡೆ ಮೇಲಿನ ಆ ಹಲ್ಲಿನ ಮೇಲೆ ಬೆರಳಿಟ್ಟು ತೋರಿಸಿ, ಮೊದಲು ಇದರ ಎಕ್ಸ್‌ರೇ ತೆಗೆಯಿರಿ ಎಂದು ಹೇಳಿ.